ಬೇಸಗೆಯ ಸರೋವರದಲ್ಲಿ ತಣ್ಣೀರಿನ ಮೀನು

ನೀಲಗಿರಿಗೆ ಹೋಗಿ ಬಂದವರು ಟ್ರೌಟ್ ಎಂಬ ಮೀನಿನ ಹೆಸರನ್ನು ಕೇಳಿರಬಹುದು. ಇದು ತಣ್ಣೀರಿನ ಜೀವಿ. ಇದರಲ್ಲಿ ರೇನ್‌ಬೋ ಟ್ರೌಟ್ ಎಂಬ ಬಗೆಗೆ ಉತ್ತರ ಅಮೆರಿಕದ ಪಡುವಣ ಭಾಗದ ಹೊಳೆಗಳೇ ತವರು. ಮೈಯ ಪಕ್ಕದಲ್ಲಿ ಓಡುವ ನಸುಗೆಂಪು ಪಟ್ಟಿಯಿಂದ ಅದಕ್ಕೆ ಕಾಮನಬಿಲ್ಲಿನ ಹೆಸರು ಬಂದಿದೆ. ಅಮೆರಿಕದಲ್ಲಿ ಇದರ ಮರಿಗಳನ್ನು ತೊಟ್ಟಿಗಳಲ್ಲಿ ಸಾಕಿ, ಬೆಳೆದ ಮೇಲೆ ಲಾರಿಗಳಲ್ಲಿ ತಂದು ಸರೋವರಗಳಿಗೆ ಬಿಡುವುದು ವಾಡಿಕೆ. ಬಿಡುವಾಗ ವಸಂತಕಾಲ, ನೀರು ತಣ್ಣಗಿರುತ್ತದೆ. ಆದರೆ ಎರಡು ಮೂರು ತಿಂಗಳಲ್ಲೇ ಬೇಸಗೆ ಬಂದು ಸರೋವರದ ಮೇಲಣ ನೀರು 25 ಡಿಗ್ರಿ ಸೆಂಟಿಗ್ರೇಡಿನವರೆಗೂ ಕಾಯುತ್ತದೆ. ನಮಗೆ ಹಿತವಾದ ಆ ನೀರು ಟ್ರೌಟಿಗೆ ಪ್ರಾಣಾಂತಿಕ. ಹಾಗಾದರೆ ಬಿಟ್ಟ ಮೀನು ಬೇಸಗೆಯನ್ನು ಕಳೆಯುವುದು ಹೇಗೆ?

ಮೊದಲು ಬಿಸಿನೀರು ಟ್ರೌಟಿಗೇಕೆ ಆಗದು ಎಂಬುದನ್ನು ನೋಡೋಣ. ಮೀನು ಉಸಿರಾಡುವುದು ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು. ನೀರು ತಣ್ಣಗಿದ್ದಷ್ಟೂ ಅದು ಹೆಚ್ಚಾಗಿ ಕರಗುತ್ತದೆ. 10 ಡಿಗ್ರಿಯ ಒಂದು ಲೀಟರ್ ನೀರು ಸುಮಾರು 11 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಬಲ್ಲದು. 25 ಡಿಗ್ರಿಯ ನೀರಾದರೆ ಸುಮಾರು 8 ಮಿಲಿಗ್ರಾಂ ಮಾತ್ರ. ಇತ್ತ ಮೀನಿನ ಮೈ ನೀರಿನೊಡನೆಯೇ ಬಿಸಿಯಾಗುತ್ತದೆ. ಮೈ ಬಿಸಿಯಾದಂತೆ ಒಳಗಿನ ಕೆಲಸಗಳೆಲ್ಲ ಚುರುಕಾಗಿ ಇನ್ನೂ ಹೆಚ್ಚು ಆಮ್ಲಜನಕ ಬೇಕಾಗುತ್ತದೆ. ಆದಾಯ ಇಳಿದಾಗಲೇ ಖರ್ಚು ಏರಿದ ಸಂಸಾರದ ಪಾಡು ಅದು. ನೀರು 20 ಡಿಗ್ರಿಯನ್ನು ದಾಟಿತೆಂದರೆ ಟ್ರೌಟ್ ಮೇವಿನ ಮೇಲಣ ಆಸೆಯನ್ನು ಬಿಡತೊಡಗುತ್ತದೆ. 25ರ ಆಸುಪಾಸಿನಲ್ಲಿ ಅದರ ಜೀವಕ್ಕೇ ಸಂಚಕಾರ.

ಇಂಥ ಸಮಯದಲ್ಲಿ ಅದನ್ನು ಕಾಪಾಡುವುದು ಸರೋವರದ ಆಳ. ನಿಮ್ಮಲ್ಲಿ ಚಿಕ್ಕಂದಿನಲ್ಲಿ ದೊಡ್ಡ ಬಾವಿಗಳಲ್ಲಿ ಈಜಿದವರಿದ್ದರೆ ಇದು ಬೇಗ ಅರ್ಥವಾಗುತ್ತದೆ. ಬಿಸಿಲುಗಾಲದ ಮಧ್ಯಾಹ್ನ ಮೇಲೆ ನೀರು ಬೆಚ್ಚಗಿರುತ್ತದೆ. ಮುಳುಗಿ ಕೆಳಗಿಳಿದರೆ ಕಾಲಿಗೆ ಥಟ್ಟನೆ ತಂಪು ತಾಗುತ್ತದೆ. ನೀರು ಅತ್ಯಂತ ಭಾರವಾಗಿರುವುದು 4 ಡಿಗ್ರಿಯಲ್ಲಿ. ಅದಕ್ಕಿಂತ ಬಿಸಿಯಾದಂತೆ ಹಗುರವಾಗುತ್ತ ಹೋಗುತ್ತದೆ. ಶೀತದೇಶದ ಸರೋವರದಲ್ಲಿ ಚಳಿಗಾಲದ ಮಂಜು ಕರಗಿದೊಡನೆ ಮೇಲಿಂದ ತಳದವರೆಗೆ ನೀರೆಲ್ಲ ಒಂದೇ ತೂಕದ್ದಾಗಿರುತ್ತದೆ. ಗಾಳಿ ಬೀಸಿ ಅದನ್ನೆಲ್ಲ ಕಲಕಿ, ತಳಕ್ಕೂ ಆಮ್ಲಜನಕವನ್ನು ಮುಟ್ಟಿಸುತ್ತದೆ. ಆಮೇಲೆ ಬಿಸಿಲೇರಿದಂತೆ ಮೇಲಣ ನೀರು ಕಾದು, ಹಗುರಾಗಿ, ತಣ್ಣೀರಿನ ಮೇಲೆ ಎಣ್ಣೆಯಂತೆ ತೇಲುತ್ತದೆ. ಎಷ್ಟು ಗಾಳಿ ಬೀಸಿದರೂ ಎರಡೂ ಬೆರೆಯವು.

ಹೀಗೆ ಸರೋವರ ಎರಡಂತಸ್ತಿನ ಮನೆಯಾಗುತ್ತದೆ. ನಡುವೆ ಒಂದು ತೆಳುವಾದ ಪದರ. ಅಲ್ಲಿ ಒಂದು ಮೀಟರ್ ಇಳಿದರೆ ಒಂದು ಡಿಗ್ರಿಯೋ ಅದಕ್ಕೂ ಹೆಚ್ಚೋ ಬಿಸಿ ಕಡಿಮೆಯಾಗುತ್ತದೆ. ಈ ಪದರಕ್ಕೆ ಥರ್ಮೋಕ್ಲೈನ್ ಎಂಬ ಹೆಸರನ್ನು 1897ರಲ್ಲಿ ಕೊಟ್ಟವರು ಅಮೆರಿಕದ ವಿಸ್ಕಾನ್ಸಿನ್ನಿನ ಮೆಂಡೋಟಾ ಸರೋವರವನ್ನು ಅಭ್ಯಾಸ ಮಾಡಿದ ವಿಜ್ಞಾನಿ ಇ. ಎ. ಬರ್ಜ್. ಬೇಸಗೆಯಲ್ಲಿ ಟ್ರೌಟ್ ಈ ಪದರದಲ್ಲೋ ಅದರ ಕೆಳಗೋ ಬಿಡಾರ ಹೂಡುತ್ತದೆ.

ಇಷ್ಟೇ ಆಗಿದ್ದರೆ ಮೀನು ಕೆಳಗಿಳಿದು ಸುಖವಾಗಿರಬಹುದಿತ್ತು. ಆದರೆ ಕೆಳಗಣ ಅಂತಸ್ತಿಗೆ ಕಿಟಕಿಗಳಿಲ್ಲ. ವಸಂತದಲ್ಲಿ ತುಂಬಿಟ್ಟ ಆಮ್ಲಜನಕವೇ ಬೇಸಗೆಯ ಉದ್ದಕ್ಕೂ ಸಾಲಬೇಕು. ಮೇಲೆ ಬೆಳೆದು ಸತ್ತ ಪಾಚಿ ತಳಕ್ಕಿಳಿದು ಕೊಳೆಯುತ್ತದೆ. ಆ ಕೊಳೆಯುವಿಕೆ ಆಮ್ಲಜನಕವನ್ನು ನುಂಗುತ್ತದೆ. ತಿಳಿನೀರಿನ, ಪಾಚಿ ಕಡಿಮೆಯಿರುವ ಆಳವಾದ ಸರೋವರದಲ್ಲಿ ಉಸಿರು ಬೇಸಗೆಯ ಕೊನೆಯವರೆಗೂ ಉಳಿಯುತ್ತದೆ. ಹೊಲದ ಗೊಬ್ಬರ, ಊರಿನ ಕೊಚ್ಚೆ ಹರಿದು ಬಂದು ಪಾಚಿ ದಟ್ಟವಾದ ಸರೋವರದಲ್ಲಿ ತಳ ಬೇಗನೆ ನಿರ್ಜೀವವಾಗುತ್ತದೆ. ಆಗ ಮೀನಿಗೆ ಮೇಲೆ ಬೇಗೆ, ಕೆಳಗೆ ಉಸಿರುಗಟ್ಟು. ನಡುವೆ ಉಳಿದ ತೆಳು ಪದರದಲ್ಲೇ ಅದರ ಜೀವನ. ಸೆಕೆ ಮುಂದುವರಿದರೆ ಆ ಪದರವೂ ಮುಚ್ಚಿಹೋಗಬಹುದು.

ಇದು ಬರಿಯ ಊಹೆಯಲ್ಲ. ಮೆಂಡೋಟಾದಲ್ಲಿ ಟ್ರೌಟಿನ ಬಂಧುವಾದ ಸಿಸ್ಕೋ ಎಂಬ ತಣ್ಣೀರಿನ ಮೀನುಂಟು. 1987ರ ಬೇಸಗೆಯಲ್ಲಿ ಅವು ರಾಶಿರಾಶಿಯಾಗಿ ಸತ್ತುವು. ಸರೋವರದ ತಳದಲ್ಲಿ ತಂಪು ಇತ್ತು, ಉಸಿರಿರಲಿಲ್ಲ. ಮೇಲೆ ಉಸಿರಿತ್ತು, ತಂಪು ಇರಲಿಲ್ಲ. ಸಿಸ್ಕೋ ಹೋದ ಮೇಲೆ, ಅದು ತಿನ್ನುತ್ತಿದ್ದ ಸೂಕ್ಷ್ಮ ನೀರುಜೀವಿಗಳು ಹೆಚ್ಚಿದುವು. ಅವು ಪಾಚಿಯನ್ನು ಮೇಯ್ದು ನೀರನ್ನು ತಿಳಿಯಾಗಿಸಿದುವು. ಒಂದು ಮೀನಿನ ಸಾವು ಇಡೀ ಸರೋವರದ ಲೆಕ್ಕವನ್ನು ಬದಲಿಸಿತು.

ಆಳವಿಲ್ಲದ ಕೆರೆಗಳಲ್ಲಾದರೋ ಅಂತಸ್ತುಗಳೇ ನಿಲ್ಲುವುದಿಲ್ಲ. ಗಾಳಿ ತಳದವರೆಗೂ ಬಿಸಿನೀರನ್ನೇ ಕಲಕುತ್ತದೆ. ಅಂಥಲ್ಲಿ ಬಿಟ್ಟ ಟ್ರೌಟಿಗೆ ತಳದ ಬುಗ್ಗೆಯೋ ತಣ್ಣನೆಯ ತೊರೆ ಬಂದು ಸೇರುವ ಮೂಲೆಯೋ ಸಿಕ್ಕಿದರೆ ಬದುಕು. ಇಲ್ಲವಾದರೆ ಬೇಸಗೆ ಅದರ ಕೊನೆ. ಅದಕ್ಕೇ ಅಂಥ ಕೆರೆಗಳಿಗೆ ಬೇಸಗೆಗೆ ಮುಂಚೆ ಹಿಡಿದು ಮುಗಿಸಲೆಂದೇ ಮೀನು ಬಿಡುವುದುಂಟು.

ನಮ್ಮ ನೆರೆಯ ನೀಲಗಿರಿಯಲ್ಲಿ ಆಳದ ಕೆಲಸವನ್ನು ಎತ್ತರ ಮಾಡುತ್ತದೆ. 1863ರಲ್ಲಿ ಫ್ರಾನ್ಸಿಸ್ ಡೇ ಅಲ್ಲಿಗೆ ಟ್ರೌಟನ್ನು ತರಲು ಮಾಡಿದ ಪ್ರಯತ್ನ ಕೈಗೂಡಲಿಲ್ಲ. 1907ರಲ್ಲಿ ಅವಲಾಂಚಿಯಲ್ಲಿ ಮರಿ ಮಾಡಿಸುವ ಕೇಂದ್ರ ಏರ್ಪಟ್ಟಿತು. ಕೊನೆಗೆ ಬೆಟ್ಟದಲ್ಲಿ ನೆಲೆನಿಂತದ್ದು ರೇನ್‌ಬೋ ಟ್ರೌಟ್. ಸುಮಾರು 2000 ಮೀಟರ್ ಎತ್ತರದ ತಂಪುಗಾಳಿ ಅಲ್ಲಿಯ ನೀರನ್ನು ಕಾಯಗೊಡುವುದಿಲ್ಲ. ಅದೇ ಮೀನನ್ನು ಬಯಲಿನ ಕೆರೆಗೆ ತಂದು ಬಿಟ್ಟರೆ ಉಳಿಯದು.

ಮನುಷ್ಯರು ಇದರಲ್ಲಿ ಮಾಡಬಹುದಾದದ್ದು ಕೆಲವುಂಟು. ಬಿಡುವಾಗ ಲಾರಿಯ ನೀರಿನ ಬಿಸಿಯನ್ನು ಮೆಲ್ಲಗೆ ಸರೋವರದ ನೀರಿಗೆ ಹೊಂದಿಸುತ್ತಾರೆ. ಕಡುಬೇಸಗೆಯಲ್ಲಿ ಗಾಳ ಹಾಕದಿರುವುದು ಒಳಿತು. ಆಳದ ತಂಪಿನಿಂದ ಬಿಸಿನೀರಿಗೆ ಎಳೆದ ಮೀನನ್ನು ಮತ್ತೆ ಬಿಟ್ಟರೂ ಬಹಳ ಸಲ ಅದು ಉಳಿಯುವುದಿಲ್ಲ. ಕೆಲವು ಕಡೆ ಕೊಳವೆಗಳಿಂದ ತಳಕ್ಕೆ ಆಮ್ಲಜನಕವನ್ನು ಊದುತ್ತಾರೆ. ಇದರಲ್ಲೂ ಜಾಣತನ ಬೇಕು: ಜೋರಾಗಿ ಊದಿ ನೀರನ್ನೆಲ್ಲ ಕಲಕಿಬಿಟ್ಟರೆ ಕೆಳಗಣ ತಂಪೇ ಇಲ್ಲವಾಗುತ್ತದೆ. ಎಲ್ಲಕ್ಕಿಂತ ಮೇಲಾದ ಉಪಾಯ ಗೊಬ್ಬರ, ಕೊಚ್ಚೆ ನೀರಿಗೆ ಸೇರದಂತೆ ದಡದಲ್ಲೇ ತಡೆಯುವುದು. ಬಿಸಿಲನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ. ಕೆಳಗಣ ಅಂತಸ್ತಿನಲ್ಲಿ ಉಸಿರುಳಿಸುವುದು ಬಹುಮಟ್ಟಿಗೆ ನಮ್ಮ ಕೈಯಲ್ಲಿದೆ.