ಉಮ್ರಾ ಹೊರಡುವ ಮುನ್ನ ವಿಮೆಯ ಕಾಗದ ಓದಿ

ಹಜ್ಜ್‌ನ ದಿನಗಳು ಹತ್ತಿರವಾಗುತ್ತಿದ್ದಂತೆ ಖತೀಬರು ಜುಮಾ ಖುತ್ಬಾದಲ್ಲಿ ಸೂರಃ ಅಲ್-ಬಕರಾದ 197ನೇ ಆಯತನ್ನು ನೆನಪಿಸುತ್ತಾರೆ. ಯಮನ್ ಕಡೆಯ ಕೆಲವರು ತಾವು ಅಲ್ಲಾಹನ ಮೇಲೆ ಭರವಸೆ ಇಟ್ಟವರೆಂದು ಹೇಳಿಕೊಂಡು ಬುತ್ತಿಯಿಲ್ಲದೆ ಹಜ್ಜ್‌ಗೆ ಹೊರಡುತ್ತಿದ್ದರು. ಮಕ್ಕಾ ತಲುಪಿದ ಮೇಲೆ ಜನರ ಮುಂದೆ ಕೈಚಾಚುತ್ತಿದ್ದರು. ಪ್ರಯಾಣಕ್ಕೆ ಬುತ್ತಿ ಕಟ್ಟಿಕೊಳ್ಳಬೇಕು, ಬುತ್ತಿಗಳಲ್ಲೆಲ್ಲ ಮಿಗಿಲಾದದ್ದು ತಖ್ವಾ ಎಂಬ ಆದೇಶ ಬಂದದ್ದು ಆ ಸಂದರ್ಭದಲ್ಲಿ ಎಂದು ಹಝ್ರತ್ ಇಬ್ನು ಅಬ್ಬಾಸ್(ರ) ಅವರಿಂದ ಸಹೀಹ್ ಬುಖಾರಿಯಲ್ಲಿ ವರದಿಯಾಗಿದೆ. ತವಕ್ಕುಲ್ ಎಂದರೆ ತಯಾರಿ ಬಿಡುವುದಲ್ಲ ಎಂಬುದು ಇದರ ಪಾಠ.

ನಮ್ಮ ಅಜ್ಜ-ಅಜ್ಜಿಯರ ಕಾಲದಲ್ಲಿ ಹಜ್ಜ್ ಎಂದರೆ ಹಡಗಿನ ಪ್ರಯಾಣ. ಬಳ್ಳಾರಿ, ಹೊಸಪೇಟೆ ಕಡೆಯವರು ಮುಂಬೈಗೆ ಹೋಗಿ, ಮುಸಾಫಿರ್‌ಖಾನಾದಲ್ಲಿ ತಂಗಿ, ಅಲ್ಲಿಂದ ಜಿದ್ದಾಕ್ಕೆ ಹಡಗು ಹತ್ತುತ್ತಿದ್ದರು. ಅಕ್ಕಿ, ಬೇಳೆ, ಒಣ ಖಾದ್ಯಗಳ ಪೆಟ್ಟಿಗೆ ಜೊತೆಗಿರುತ್ತಿತ್ತು. ಹೊರಡುವ ಮುನ್ನ ಸಾಲ ತೀರಿಸಿ, ವಸಿಯ್ಯತ್ ಬರೆದಿಟ್ಟು, ಊರವರ ಬಳಿ ಮಾಫಿ ಕೇಳಿ ಬರುತ್ತಿದ್ದರು. 1995ರಲ್ಲಿ ಭಾರತದ ಹಜ್ಜ್ ಹಡಗುಗಳು ನಿಂತವು. ಈಗ ಕುರೆಕುಪ್ಪ ಅಥವಾ ತೋರಣಗಲ್ಲಿನಿಂದ ರಾತ್ರಿ ರೈಲು ಹತ್ತಿ ಬೆಂಗಳೂರು ತಲುಪಿದರೆ ಮುಂದೆ ಕೆಲವೇ ಗಂಟೆಗಳ ವಿಮಾನ. ಪ್ರಯಾಣ ಚಿಕ್ಕದಾಯಿತು, ಖರ್ಚು ದೊಡ್ಡದಾಯಿತು. ಹಜ್ಜ್ ಕಮಿಟಿಯ ಮೂಲಕ ಹೋದರೂ ಒಬ್ಬರಿಗೆ ಮೂರು ಲಕ್ಷ ರೂಪಾಯಿ ದಾಟುತ್ತದೆ. ಉಮ್ರಾಕ್ಕೂ ಲಕ್ಷದ ಆಸುಪಾಸು ಬೇಕು. ಹಲವರ ಪಾಲಿಗೆ ಅದು ಹತ್ತಾರು ವರ್ಷಗಳ ಉಳಿತಾಯ.

ಇಂಥ ಹೊತ್ತಿನಲ್ಲಿ ಮಗ ಕೇಳುತ್ತಾನೆ: "ಅಬ್ಬಾ, ಟ್ರಾವೆಲ್ ಇನ್ಶೂರೆನ್ಸ್ ಮಾಡಿಸೋಣೇನು?" ತಂದೆ ಹೇಳುತ್ತಾರೆ: "ಅಲ್ಲಾಹನ ಮನೆಗೆ ಹೊರಟವನಿಗೆ ಅದೆಲ್ಲ ಯಾಕಪ್ಪಾ?" ಇಬ್ಬರ ಮಾತನ್ನೂ ತಳ್ಳಿಹಾಕುವಂತಿಲ್ಲ. ಆದರೆ ಇಬ್ಬರಿಗೂ ಸಾಮಾನ್ಯವಾಗಿ ತಿಳಿಯದ ಸಂಗತಿಯೊಂದಿದೆ. ಉಮ್ರಾ ವೀಸಾ ಕೈಗೆ ಬಂದಾಗಲೇ ಒಂದು ವಿಮೆ ಅವರ ಹೆಸರಿನಲ್ಲಿ ಆಗಿಬಿಟ್ಟಿರುತ್ತದೆ.

ವೀಸಾದ ಜೊತೆಗೇ ಬರುವ ವಿಮೆ

ಹೊರದೇಶದಿಂದ ಬರುವ ಉಮ್ರಾ ಯಾತ್ರಿಕರಿಗೆ ಸೌದಿ ಸರಕಾರ ವಿಮೆಯನ್ನು ಕಡ್ಡಾಯ ಮಾಡಿದೆ. ಅದರ ಹಣ ವೀಸಾ ಶುಲ್ಕದಲ್ಲೇ ಸೇರಿರುತ್ತದೆ. ಅಲ್ಲಿನ ಹಜ್ಜ್ ಮತ್ತು ಉಮ್ರಾ ಸಚಿವಾಲಯ ಪ್ರಕಟಿಸಿರುವಂತೆ ಇದರ ಮಿತಿ 1,00,000 ರಿಯಾಲ್. ತುರ್ತು ಚಿಕಿತ್ಸೆ, ಆಸ್ಪತ್ರೆ ವಾಸ, ರಸ್ತೆ ಅಪಘಾತದ ಗಾಯ, ತುರ್ತು ಡಯಾಲಿಸಿಸ್, ತುರ್ತು ಹೆರಿಗೆ, ಮೃತದೇಹವನ್ನು ಊರಿಗೆ ಕಳುಹಿಸುವ ಖರ್ಚು, ವಿಮಾನ ರದ್ದಾದರೆ ಅಥವಾ ತಡವಾದರೆ ಒಂದಿಷ್ಟು ಪರಿಹಾರ ಇದರಲ್ಲಿ ಸೇರಿವೆ. ಹಜ್ಜ್‌ಗೆ ಹೋದವರಿಗೆ ಸೌದಿ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತ ಚಿಕಿತ್ಸೆ ಸಿಗುತ್ತದೆ. ಜೊತೆಗೆ ಭಾರತದ ಹಜ್ಜ್ ಮಿಷನ್ ಮಕ್ಕಾ ಮತ್ತು ಮದೀನಾದಲ್ಲಿ ನಮ್ಮ ದೇಶದ ವೈದ್ಯರನ್ನಿಟ್ಟು ದವಾಖಾನೆಗಳನ್ನು ನಡೆಸುತ್ತದೆ.

ಆದ್ದರಿಂದ ಏಜೆಂಟರ ಬಳಿ ಮೊದಲು ಕೇಳಬೇಕಾದದ್ದು, "ವೀಸಾದ ಜೊತೆ ಬಂದ ವಿಮೆಯ ಕಾಗದ ಕೊಡಿ" ಎಂದು. ಅದರ ಪಾಲಿಸಿ ನಂಬರ್ ಮತ್ತು ಸಹಾಯವಾಣಿಯ ಸಂಖ್ಯೆಯನ್ನು ಪಾಸ್‌ಪೋರ್ಟಿನ ಜೊತೆ ಒಂದು ಪ್ರತಿ, ಮನೆಯಲ್ಲಿ ಒಂದು ಪ್ರತಿ ಇಟ್ಟುಕೊಳ್ಳಿ. ಕಾಗದ ಇದ್ದೂ ಅದು ಇದೆಯೆಂದು ಗೊತ್ತಿಲ್ಲದೆ ಕೈಯಿಂದ ಹಣ ಕಟ್ಟುವ ಪರಿಸ್ಥಿತಿ ಯಾರಿಗೂ ಬರಬಾರದು.

ಅದು ಎಲ್ಲಿಯವರೆಗೆ ತಲುಪುವುದಿಲ್ಲ?

ವೀಸಾದ ವಿಮೆ ಸೌದಿ ನೆಲದ ಮೇಲೆ ಕಾಲಿಟ್ಟ ದಿನದಿಂದ ಶುರು. ಹೊರಡುವ ವಾರದ ಮುಂಚೆ ತಾಯಿ ಜಾರಿಬಿದ್ದು ಕಾಲು ಮುರಿದುಕೊಂಡರೆ ಟಿಕೆಟ್ ಮತ್ತು ಹೋಟೆಲ್ ಹಣವನ್ನು ಅದು ಕೊಡುವುದಿಲ್ಲ. ಅದರ ಉದ್ದೇಶ ತುರ್ತು ಚಿಕಿತ್ಸೆ. ದಿನನಿತ್ಯದ ಬಿ.ಪಿ., ಶುಗರ್ ಮಾತ್ರೆಗಳು ಅದರ ಲೆಕ್ಕಕ್ಕೆ ಬರುವುದಿಲ್ಲ. ದಾರಿಯಲ್ಲಿ ದುಬೈಯಲ್ಲೋ ಮಸ್ಕತ್‌ನಲ್ಲೋ ಎರಡು ದಿನ ಇಳಿದರೆ ಅಲ್ಲಿಗೂ ಅದು ಅನ್ವಯಿಸುವುದಿಲ್ಲ.

ನಮ್ಮ ಭಾಗದಲ್ಲಿ ಇನ್ನೊಂದು ತಪ್ಪು ಕಲ್ಪನೆ ಇದೆ. ಇಲ್ಲಿ ಉಕ್ಕಿನ ಕಾರ್ಖಾನೆಯನ್ನೂ ಅದರ ಗುತ್ತಿಗೆದಾರರನ್ನೂ ನಂಬಿರುವ ಮನೆಗಳು ಬಹಳ. "ಕಂಪನಿ ಮೆಡಿಕ್ಲೇಮ್ ಇದೆ, ಇ.ಎಸ್.ಐ. ಕಾರ್ಡ್ ಇದೆ" ಎಂಬ ಧೈರ್ಯ ಎಲ್ಲರಿಗೂ. ಇ.ಎಸ್.ಐ. ಆಗಲಿ, ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಕಾರ್ಡ್ ಆಗಲಿ ಸೌದಿಯ ಆಸ್ಪತ್ರೆಯಲ್ಲಿ ನಡೆಯುವುದಿಲ್ಲ. ಕಂಪನಿಯ ಗುಂಪು ವಿಮೆಯೂ ಸಾಮಾನ್ಯವಾಗಿ ಭಾರತದೊಳಗಿನ ಚಿಕಿತ್ಸೆಗೆ ಮಾತ್ರ. ಹೊರಡುವ ಮುನ್ನ ಎಚ್.ಆರ್. ಕಚೇರಿಯಲ್ಲಿ ಇದನ್ನು ಒಮ್ಮೆ ಕೇಳಿ ಖಚಿತ ಮಾಡಿಕೊಳ್ಳಿ.

ಶರೀಅತ್ತಿನ ಮಾತು

ಹೆಚ್ಚುವರಿ ವಿಮೆ ಮಾಡಿಸುವುದು ಸರಿಯೇ ಎಂಬ ಪ್ರಶ್ನೆ ಇಲ್ಲಿ ಬರುತ್ತದೆ. 1985ರ ಡಿಸೆಂಬರ್‌ನಲ್ಲಿ ಜಿದ್ದಾದಲ್ಲಿ ಸೇರಿದ ಅಂತಾರಾಷ್ಟ್ರೀಯ ಫಿಕ್ಹ್ ಅಕಾಡೆಮಿ, ನಿಗದಿತ ಕಂತಿನ ವಾಣಿಜ್ಯ ವಿಮೆ ಒಪ್ಪಂದದಲ್ಲಿ ದೊಡ್ಡ ಪ್ರಮಾಣದ ಗರರ್, ಅಂದರೆ ಅನಿಶ್ಚಿತತೆ ಇರುವುದರಿಂದ ಅದು ನಿಷಿದ್ಧ ಎಂದು ತೀರ್ಮಾನಿಸಿತು. ಪರಸ್ಪರ ಸಹಾಯದ ತಳಹದಿಯ ಸಹಕಾರಿ ವಿಮೆಯನ್ನು ಅದು ಒಪ್ಪಿತು. ಇದನ್ನೇ ತಕಾಫುಲ್ ಎನ್ನುತ್ತಾರೆ. ಶೈಖ್ ಮುಸ್ತಫಾ ಝರ್ಕಾ ಅವರಂಥ ವಿದ್ವಾಂಸರು ವಿಮೆಯ ವಿಷಯದಲ್ಲಿ ಹೆಚ್ಚು ಉದಾರ ನಿಲುವು ತಾಳಿದ್ದರು. ಸೌದಿಯ 2003ರ ವಿಮಾ ಕಾನೂನು ಅಲ್ಲಿನ ಕಂಪನಿಗಳು ಸಹಕಾರಿ ಪದ್ಧತಿಯಲ್ಲೇ ನಡೆಯಬೇಕೆನ್ನುತ್ತದೆ. ಭಾರತದಲ್ಲಿ ತಕಾಫುಲ್ ಕಂಪನಿ ಇಲ್ಲ.

ವೀಸಾದ ಜೊತೆ ಬರುವ ವಿಮೆ ನಮ್ಮ ಆಯ್ಕೆಯದಲ್ಲ, ಯಾತ್ರೆಯ ಷರತ್ತು. ಅದರ ಬಗ್ಗೆ ಮನಸ್ಸು ಕೆಡಿಸಿಕೊಳ್ಳಬೇಕಿಲ್ಲ. ಇಲ್ಲಿನ ಕಂಪನಿಯಿಂದ ಹೆಚ್ಚುವರಿ ಪಾಲಿಸಿ ತೆಗೆಯುವವರು ತಮ್ಮ ವಯಸ್ಸು, ಕಾಯಿಲೆ, ಅಗತ್ಯವನ್ನು ತಿಳಿಸಿ ತಾವು ನಂಬುವ ಮುಫ್ತಿಯವರ ಸಲಹೆ ಪಡೆಯಲಿ.

ಬೇಡವೆನ್ನುವವರಿಗೂ ದಾರಿಯಿದೆ. ಒಟ್ಟಿಗೆ ಹೊರಡುವ ಹತ್ತು ಜನ ತಲಾ 5,000 ರೂಪಾಯಿ ಹಾಕಿದರೆ 50,000 ರೂಪಾಯಿಯ ತುರ್ತು ನಿಧಿ ಆಗುತ್ತದೆ. ಯಾರಿಗೆ ತೊಂದರೆಯಾದರೂ ಅದರಿಂದ ನೆರವು. ಉಳಿದದ್ದು ಊರಿಗೆ ಬಂದ ಮೇಲೆ ಸಮಪಾಲು. ಷರತ್ತುಗಳನ್ನು ಬರೆದು ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ. ದೊಡ್ಡ ಆಸ್ಪತ್ರೆ ಬಿಲ್ಲಿಗೆ ಇದು ಸಾಲದು, ಆದರೆ ಜೊತೆಗೆ ಉಳಿದುಕೊಳ್ಳುವ ಮಗನ ಊಟ, ವಸತಿ, ಹೊಸ ಟಿಕೆಟ್‌ಗೆ ದೊಡ್ಡ ಆಸರೆ.

ಪಾಲಿಸಿ ತೆಗೆಯುವವರು ಕೇಳಬೇಕಾದ ಐದು ಪ್ರಶ್ನೆ

ಮೊದಲನೆಯದು, ಮೊದಲಿಂದ ಇದ್ದ ಕಾಯಿಲೆಗೆ ರಕ್ಷಣೆ ಇದೆಯೇ? ಅನೇಕ ಪಾಲಿಸಿಗಳು ಇಂಥ ಕಾಯಿಲೆಯನ್ನು ಪೂರ್ತಿ ಬಿಡುತ್ತವೆ, ಇಲ್ಲವೇ ಪ್ರಾಣಾಪಾಯ ಇದ್ದಾಗ ಮಾತ್ರ ಒಂದು ಮಿತಿಯವರೆಗೆ ಕೊಡುತ್ತವೆ. ಅರವತ್ತು ದಾಟಿದ ಯಾತ್ರಿಕರಿಗೆ ಇದಕ್ಕಿಂತ ಮುಖ್ಯವಾದ ಪ್ರಶ್ನೆ ಇಲ್ಲ.

ಎರಡನೆಯದು, ಒಟ್ಟು ಮೊತ್ತ ಎಷ್ಟು, ಮೊದಲು ನಾವು ಎಷ್ಟು ಕಟ್ಟಬೇಕು? ಪಾಲಿಸಿಗಳು ಡಾಲರ್ ಲೆಕ್ಕದಲ್ಲಿರುತ್ತವೆ. ಒಂದು ಡಾಲರ್‌ಗೆ 3.75 ರಿಯಾಲ್ ಎಂಬುದು ಸೌದಿಯ ಸ್ಥಿರ ದರ. 50,000 ಡಾಲರ್ ಎಂದರೆ 1,87,500 ರಿಯಾಲ್. ಡಿಡಕ್ಟಿಬಲ್ 100 ಡಾಲರ್ ಎಂದು ಬರೆದಿದ್ದರೆ ಪ್ರತಿ ಕ್ಲೇಮ್‌ನಲ್ಲಿ ಮೊದಲ 375 ರಿಯಾಲ್ ನಿಮ್ಮದೇ.

ಮೂರನೆಯದು, ರೋಗಿಯನ್ನು ಊರಿಗೆ ಕರೆತರುವ ಖರ್ಚು ಇದೆಯೇ? ಅಲ್ಲಿ ಇಂತಿಕಾಲ್ ಆದವರನ್ನು ಸಾಮಾನ್ಯವಾಗಿ ಆ ಪವಿತ್ರ ನೆಲದಲ್ಲೇ ದಫನ್ ಮಾಡುತ್ತಾರೆ. ಮನೆಯವರೂ ಅದನ್ನೇ ಬಯಸುತ್ತಾರೆ. ಆದ್ದರಿಂದ ಮೃತದೇಹ ಸಾಗಿಸುವ ಮೊತ್ತ ದೊಡ್ಡದಿದೆ ಎಂದು ಏಜೆಂಟರು ಹೊಗಳಿದರೆ ನಮಗೆ ಅದರಿಂದ ಹೆಚ್ಚು ಪ್ರಯೋಜನವಿಲ್ಲ. ಪಾರ್ಶ್ವವಾಯು ಬಡಿದು ಬದುಕುಳಿದವರನ್ನು ಸ್ಟ್ರೆಚರ್ ಮೇಲೆ, ವೈದ್ಯರ ಜೊತೆ ವಿಮಾನದಲ್ಲಿ ತರುವುದೇ ಭಾರೀ ಖರ್ಚು. ಅದನ್ನು ಹುಡುಕಿ ನೋಡಿ.

ನಾಲ್ಕನೆಯದು, ಹೊರಡುವ ಮುನ್ನವೇ ಪ್ರಯಾಣ ರದ್ದಾದರೆ ಹಣ ಬರುತ್ತದೆಯೇ, ಯಾವ ಯಾವ ಕಾರಣಕ್ಕೆ? ಕಾಯಿಲೆ, ಹತ್ತಿರದ ಬಂಧುವಿನ ಮರಣ ಸೇರಿರಬಹುದು. ವೀಸಾ ಸಿಗದಿದ್ದರೆ, ಟ್ರಾವೆಲ್ಸ್‌ನವರು ಕೈಕೊಟ್ಟರೆ ಸಾಮಾನ್ಯವಾಗಿ ಸೇರಿರುವುದಿಲ್ಲ. 2025ರಲ್ಲಿ ಭಾರತದ ಖಾಸಗಿ ಹಜ್ಜ್ ಕೋಟಾದಲ್ಲಿ ಸುಮಾರು 42,000 ಸೀಟುಗಳು ಕೈತಪ್ಪಿ, ಹಣ ಕಟ್ಟಿದ್ದವರೂ ಮನೆಯಲ್ಲೇ ಉಳಿಯಬೇಕಾಯಿತು. ಅಂಥ ನಷ್ಟಕ್ಕೆ ಪ್ರಯಾಣ ವಿಮೆ ಮದ್ದಲ್ಲ. ಅದಕ್ಕೆ ರಕ್ಷಣೆ ಎಂದರೆ ನೋಂದಾಯಿತ ಸಂಸ್ಥೆ, ಬ್ಯಾಂಕ್ ಮೂಲಕ ಪಾವತಿ, ಹಣ ವಾಪಸಿನ ಷರತ್ತು ಬರೆದ ರಸೀದಿ. ಮೋಸವಾದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಐದು ಲಕ್ಷ ರೂಪಾಯಿವರೆಗಿನ ವ್ಯವಹಾರದ ದೂರಿಗೆ ಶುಲ್ಕವಿಲ್ಲ.

ಐದನೆಯದು, ಯಾವ ದಿನದಿಂದ ಯಾವ ದಿನದವರೆಗೆ? ಮನೆ ಬಿಟ್ಟ ದಿನದಿಂದ ಮನೆ ಸೇರುವ ದಿನದವರೆಗೆ, ಮೇಲೆ ಎರಡು-ಮೂರು ದಿನ ಹೆಚ್ಚಿಗೆ ಇರಲಿ. ವಿಮಾನ ತಡವಾದ ದಿನವೇ ಪಾಲಿಸಿ ಮುಗಿಯಬಾರದು.

ಫಾರಂನಲ್ಲಿ ಸತ್ಯ

ಇಷ್ಟೆಲ್ಲ ಕೇಳಿ, ಕೊನೆಗೆ ಫಾರಂ ತುಂಬುವಾಗ ಎಡವುವವರು ಇದ್ದಾರೆ. "ಅಮ್ಮಿಗೆ ಶುಗರ್ ಇದೆ ಅಂತ ಬರೀಬೇಡಿ, ಪ್ರೀಮಿಯಂ ಜಾಸ್ತಿ ಆಗುತ್ತೆ" ಎಂದು ಯಾರೋ ಹೇಳುತ್ತಾರೆ, ಮಗ ಹಾಗೆಯೇ ಮಾಡುತ್ತಾನೆ. ಮುಂದೆ ಅಮ್ಮಿ ಮಕ್ಕಾದಲ್ಲಿ ಆಸ್ಪತ್ರೆ ಸೇರಿದಾಗ ಡಾಕ್ಟರ್ ಕೇಳುವ ಮೊದಲ ಪ್ರಶ್ನೆಯೇ "ಶುಗರ್ ಇದೆಯಾ, ಎಷ್ಟು ವರ್ಷದಿಂದ?" ಅಮ್ಮಿ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾರೆ. ಅದು ದಾಖಲೆಯಲ್ಲಿ ಸೇರುತ್ತದೆ. ಆ ಒಂದು ಸಾಲಿನಿಂದ ಕ್ಲೇಮ್ ತಿರಸ್ಕಾರವಾಗುತ್ತದೆ. ಕೆಲವು ನೂರು ರೂಪಾಯಿ ಉಳಿಸಲು ಹೋಗಿ ಲಕ್ಷಗಟ್ಟಲೆ ಬಿಲ್ ಹೆಗಲಿಗೇರುತ್ತದೆ.

ಮದೀನಾದ ಮಾರುಕಟ್ಟೆಯಲ್ಲಿ ಪ್ರವಾದಿ(ಸ)ರು ಧಾನ್ಯದ ರಾಶಿಯೊಳಗೆ ಕೈಯಿಟ್ಟಾಗ ಒಳಗೆ ಒದ್ದೆಯಾಗಿದ್ದ ಸಂಗತಿ ನಮಗೆಲ್ಲ ಗೊತ್ತು. ಒದ್ದೆ ಧಾನ್ಯವನ್ನು ಮೇಲೆಯೇ ಇಡಬೇಕಿತ್ತು, ವಂಚಿಸುವವನು ತಮ್ಮವನಲ್ಲ ಎಂದು ಅವರು ಎಚ್ಚರಿಸಿದರು. ಈ ಮಾತು ಮಾರುವವನಿಗೆ ಮಾತ್ರವಲ್ಲ, ಕೊಳ್ಳುವವನಿಗೂ ಸಲ್ಲುತ್ತದೆ. ಅಲ್ಲಾಹನ ಮನೆಗೆ ಹೋಗುವ ದಾರಿಯ ಮೊದಲ ಕಾಗದದಲ್ಲೇ ಸುಳ್ಳು ಬರೆದು ಹೊರಡುವುದು ಯಾವ ಬಗೆಯ ಬುತ್ತಿ?

ಅಲ್ಲಿ ತೊಂದರೆಯಾದಾಗ

ಮಕ್ಕಾ, ಮದೀನಾದಲ್ಲಿ ತುರ್ತು ಕರೆಗೆ 911, ಆಂಬುಲೆನ್ಸ್‌ಗೆ 997. ರೋಗಿಯನ್ನು ಆಸ್ಪತ್ರೆಗೆ ಸೇರಿಸಿದ ಕೂಡಲೇ ವಿಮೆಯ ಸಹಾಯವಾಣಿಗೆ ತಿಳಿಸಿ. ಅನೇಕ ಪಾಲಿಸಿಗಳು ಇದಕ್ಕೆ ಗಂಟೆಗಳ ಗಡುವು ಇಟ್ಟಿರುತ್ತವೆ. ಮೂಲ ಬಿಲ್ಲುಗಳು, ಡಿಸ್ಚಾರ್ಜ್ ವರದಿ, ಪಾಸ್‌ಪೋರ್ಟ್ ಮತ್ತು ವೀಸಾ ಪ್ರತಿ ಜೋಪಾನ ಮಾಡಿ. ಬ್ಯಾಗ್ ಬರದಿದ್ದರೆ ವಿಮಾನ ನಿಲ್ದಾಣ ಬಿಡುವ ಮುನ್ನವೇ ವಿಮಾನ ಕಂಪನಿಯ ಕೌಂಟರಿನಲ್ಲಿ ಲಿಖಿತ ದೂರು ಪಡೆಯಿರಿ.

ಇಲ್ಲಿನ ವಿಮಾ ಕಂಪನಿ ಕ್ಲೇಮ್ ನಿರಾಕರಿಸಿದರೆ ಮೊದಲು ಅದರ ದೂರು ವಿಭಾಗಕ್ಕೆ ಬರೆಯಿರಿ. ವಿಮಾ ನಿಯಂತ್ರಣ ಪ್ರಾಧಿಕಾರದ ಬಿಮಾ ಭರೋಸಾ ಸಹಾಯವಾಣಿ 155255. ಒಂದು ತಿಂಗಳಾದರೂ ಉತ್ತರ ಬಾರದಿದ್ದರೆ, ಬಂದ ಉತ್ತರ ಸರಿಯೆನಿಸದಿದ್ದರೆ, ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಒಂದು ವರ್ಷದೊಳಗೆ ದೂರು ಕೊಡಬಹುದು. 50 ಲಕ್ಷ ರೂಪಾಯಿವರೆಗಿನ ವಿವಾದ ಅಲ್ಲಿ ತೀರ್ಮಾನವಾಗುತ್ತದೆ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ವಿಮೆ ತುಂಬಲಾರದ ನಷ್ಟ

2024ರ ಹಜ್ಜ್‌ನಲ್ಲಿ ಮಕ್ಕಾದ ಉಷ್ಣಾಂಶ 51.8 ಡಿಗ್ರಿ ಮುಟ್ಟಿತು. 1,301 ಯಾತ್ರಿಕರು ಮೃತಪಟ್ಟರು, ಅವರಲ್ಲಿ ನೂರಕ್ಕೆ 83 ಜನ ಪರವಾನಗಿ ಇಲ್ಲದೆ ಬಂದವರು ಎಂದು ಸೌದಿ ಸರಕಾರ ತಿಳಿಸಿತು. ಪರವಾನಗಿ ಇಲ್ಲದವರಿಗೆ ತಂಪು ಡೇರೆಯೂ ಇರಲಿಲ್ಲ, ಬಸ್ಸೂ ಇರಲಿಲ್ಲ. ಅಗ್ಗದ ವಿಸಿಟ್ ವೀಸಾದಲ್ಲಿ ಹಜ್ಜ್ ಮಾಡಿಸುತ್ತೇವೆ ಎನ್ನುವವರ ಮಾತಿಗೆ ಎಂದೂ ಮರುಳಾಗಬೇಡಿ. ಕಾನೂನು ಮೀರಿದ ಯಾತ್ರೆಗೆ ಯಾವ ಪಾಲಿಸಿಯೂ ನೆರವಾಗುವುದಿಲ್ಲ. 2025ರ ನವೆಂಬರ್ 17ರಂದು ಮದೀನಾ ಸಮೀಪ ಬಸ್ಸು ಟ್ಯಾಂಕರ್‌ಗೆ ಬಡಿದು ನಮ್ಮ ನೆರೆಯ ಹೈದರಾಬಾದಿನ ಉಮ್ರಾ ಯಾತ್ರಿಕರು ಹಲವರು ಮೃತಪಟ್ಟಾಗ, ಒಂದೇ ಮನೆಯ ಎಷ್ಟೋ ಜನ ಒಟ್ಟಿಗೆ ಹೋದರು. ಅಂಥ ನಷ್ಟವನ್ನು ಯಾವ ಹಣವೂ ತುಂಬಲಾರದು. ಅಲ್ಲಾಹನು ಅವರೆಲ್ಲರನ್ನೂ ಕ್ಷಮಿಸಲಿ.

ಆದ್ದರಿಂದ ಹಿರಿಯರು ಹಡಗು ಹತ್ತುವ ಮುನ್ನ ಮಾಡುತ್ತಿದ್ದುದನ್ನು ಬಿಡಬೇಡಿ. ಸಾಲ ತೀರಿಸಿ, ವಸಿಯ್ಯತ್ ಬರೆದಿಡಿ, ಮಾಫಿ ಕೇಳಿ. ಅದರ ಜೊತೆ ಈ ಕಾಲದ ಬುತ್ತಿಯನ್ನೂ ಸೇರಿಸಿ: ಡಾಕ್ಟರ ಚೀಟಿಯೊಂದಿಗೆ ಸಾಕಷ್ಟು ಮಾತ್ರೆ, ಓದಿ ಅರ್ಥ ಮಾಡಿಕೊಂಡ ವಿಮೆಯ ಕಾಗದ, ಅದರಲ್ಲಿ ಬರೆದ ಸತ್ಯ. ಅಲ್ಲಾಹನು ನಮ್ಮೆಲ್ಲರಿಗೂ ತನ್ನ ಮನೆಯ ಝಿಯಾರತ್ತಿನ ಭಾಗ್ಯ ಕರುಣಿಸಲಿ, ಹೋದವರನ್ನು ಸುರಕ್ಷಿತವಾಗಿ ಮನೆ ಮುಟ್ಟಿಸಲಿ. ಆಮೀನ್.