ಸಿಟ್ಟು ಯೇಸುವಿನ ಮೇಲೋ, ಮತಾಂತರದ ಮೇಲೋ?
ಕೇಡಗಾಂವದ ಪಂಡಿತಾ ರಮಾಬಾಯಿ ಕಥೆಯಲ್ಲಿದೆ ಇಂದಿನ ಜಗಳದ ಬೇರು

ಸೊಲ್ಲಾಪುರ: ಇಲ್ಲಿಂದ ಪುಣೆಗೆ ಹೋಗುವ ರೈಲು ದೌಂಡ ದಾಟಿದ ಮೇಲೆ ಕೇಡಗಾಂವ ಎಂಬ ಸಣ್ಣ ಸ್ಟೇಷನ್ ಬರುತ್ತದೆ. ಕೆಲಸಕ್ಕೆ, ಕಾಲೇಜಿಗೆ, ದವಾಖಾನೆಗೆ ಅಂತ ಪುಣೆಗೆ ಹೋಗಿಬರುವ ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ ಭಾಗದ ನಮ್ಮ ಮಂದಿ ಅದನ್ನು ಎಷ್ಟೋ ಸಲ ದಾಟಿರುತ್ತಾರೆ. ಆ ಊರಿನ ಮುಕ್ತಿ ಮಿಶನ್ ಕಟ್ಟಿದಾಕಿ ಕರ್ನಾಟಕದ ನೆಲದಲ್ಲಿ ಹುಟ್ಟಿದ ಹೆಣ್ಣುಮಗಳು ಎಂಬುದು ಮಾತ್ರ ಬಹಳ ಜನರಿಗೆ ಗೊತ್ತಿಲ್ಲ.

ಆಕೆಯೇ ಪಂಡಿತಾ ರಮಾಬಾಯಿ. 1858ರಲ್ಲಿ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಜನನ. ತಂದೆ ಅನಂತಶಾಸ್ತ್ರಿ ಡೋಂಗರೆ ಕಾರ್ಕಳ ಸೀಮೆಯವರು. ಹೆಂಡತಿಗೆ ಸಂಸ್ಕೃತ ಕಲಿಸಿದ್ದೇ ತಪ್ಪಾಗಿ ಊರವರ ವಿರೋಧ ಕಟ್ಟಿಕೊಂಡವರು. 1870ರ ದಶಕದ ಬರದಲ್ಲಿ ತಂದೆ-ತಾಯಿ ಇಬ್ಬರನ್ನೂ ಕಳೆದುಕೊಂಡ ರಮಾಬಾಯಿ, ಅಣ್ಣನ ಜೊತೆ ಊರೂರು ತಿರುಗುತ್ತ 1878ರಲ್ಲಿ ಕೋಲ್ಕತ್ತಾ ಮುಟ್ಟಿದರು. ಅಲ್ಲಿಯ ವಿದ್ವಾಂಸರು ಆಕೆಯ ಸಂಸ್ಕೃತಕ್ಕೆ ಬೆರಗಾಗಿ 'ಪಂಡಿತಾ', 'ಸರಸ್ವತಿ' ಎಂದು ಬಿರುದು ಕೊಟ್ಟರು. ಮದುವೆಯಾಗಿ ಎರಡು ವರ್ಷದೊಳಗೆ ಗಂಡ ತೀರಿಕೊಂಡರು. ಕೈಯಲ್ಲಿ ಹೆಣ್ಣುಕೂಸು.

1883ರಲ್ಲಿ ಇಂಗ್ಲೆಂಡಿಗೆ ಹೋದ ರಮಾಬಾಯಿ ಅಲ್ಲಿ ದೀಕ್ಷಾಸ್ನಾನ ತಗೊಂಡು ಕ್ರೈಸ್ತಳಾದರು. ನಿನ್ನೆಯವರೆಗೆ ಸರಸ್ವತಿ ಅಂತ ತಲೆಮೇಲೆ ಹೊತ್ತ ಸಮಾಜದಲ್ಲಿ ಬಹಳ ಮಂದಿ ಮುಖ ತಿರುಗಿಸಿದರು. ಆಕೆಯ ಪರವಾಗಿ ಬರೆದ ಕೆಲವೇ ಜನರಲ್ಲಿ ಒಬ್ಬರು ಮಹಾತ್ಮಾ ಜೋತಿಬಾ ಫುಲೆ.

ಕ್ರೈಸ್ತರು ಅಂದರೆ ಕೆಲವರಿಗೆ ಇಷ್ಟು ಸಿಟ್ಟು ಯಾಕೆ ಎಂಬ ಪ್ರಶ್ನೆ ಇವತ್ತಿಗೂ ಹಳತಾಗಿಲ್ಲ. "ಅವ್ರು ಮಂದೀನ್ನ ಕೆಡಸ್ತಾರ" ಅಂತ ಒಬ್ಬರು, "ಎಲ್ಲಾ ರಾಜಕಾರಣ" ಅಂತ ಇನ್ನೊಬ್ಬರು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಆದರೆ ಈ ಸಿಟ್ಟು ಒಂದೇ ಅಲ್ಲ, ನಾಲ್ಕಾರು ಕೂಡಿಕೊಂಡದ್ದು. ಜೋಳದಾಗಿನ ಕಲ್ಲು ಆರಿಸಿದಂಗ ಒಂದೊಂದಾಗಿ ಬೇರೆ ಮಾಡಿ ನೋಡಿದರೆ, ಯಾವುದಕ್ಕೆ ಕಾರಣ ಇದೆ, ಯಾವುದಕ್ಕೆ ಇಲ್ಲ ಎಂಬುದು ತಿಳಿದೀತು.

ಆಳುವವರ ಧರ್ಮ

ಮೊದಲನೆಯದು ಹಳೆಯ ನೆನಪು. ಗೋವಾದಲ್ಲಿ ಪೋರ್ಚುಗೀಜರು 1560ರಲ್ಲಿ ತಂದ ಇನ್‌ಕ್ವಿಜಿಶನ್ ಎಂಬ ಧರ್ಮವಿಚಾರಣೆ, ನಡುವೆ ಸ್ವಲ್ಪ ಕಾಲ ನಿಂತರೂ, 1812ರವರೆಗೆ ಇತ್ತು. ಗುಡಿಗಳು ಬಿದ್ದವು. ದೇವರನ್ನು ಹೊತ್ತುಕೊಂಡು ಕೊಂಕಣಿ ಕುಟುಂಬಗಳು ಕನ್ನಡ ಕರಾವಳಿಗೆ ಓಡಿಬಂದವು. ಇದು ಗಾಳಿಮಾತಲ್ಲ, ಚರಿತ್ರೆ. ಮುಂದೆ ಬಂದ ಬ್ರಿಟಿಷರದೂ ಅದೇ ಧರ್ಮ. ಹಾಗಾಗಿ ಕ್ರೈಸ್ತ ಅಂದರೆ ಪರದೇಶಿ ಸರ್ಕಾರದವನು ಎಂಬ ಲೆಕ್ಕ ಜನರ ಮನಸ್ಸಿನಲ್ಲಿ ಕುಳಿತಿತು.

ಆದರೆ ಅದೇ ಚರಿತ್ರೆಯ ಇನ್ನೊಂದು ಪುಟವನ್ನೂ ತಿರುವಬೇಕು. ಗೋವಾ ಬಿಟ್ಟು ಓಡಿಬಂದವರಲ್ಲಿ ಕೊಂಕಣಿ ಕ್ರೈಸ್ತರೂ ಇದ್ದರು. ಮತಾಂತರವಾದ ಮೇಲೂ ಹಳೆಯ ಪದ್ಧತಿ ಬಿಡಲಿಲ್ಲ ಅಂತ ವಿಚಾರಣೆಯ ಕಾಟ ಅವರಿಗೂ ತಪ್ಪಿರಲಿಲ್ಲ. ಈಸ್ಟ್ ಇಂಡಿಯಾ ಕಂಪನಿಯೂ ಮೊದಲಿಗೆ ಮಿಶನರಿಗಳನ್ನು ಒಳಗೆ ಬಿಡಲು ಒಪ್ಪಿರಲಿಲ್ಲ. ವ್ಯಾಪಾರಕ್ಕೆ ತೊಂದರೆ ಎಂಬ ಅಂಜಿಕೆ. 1813ರಲ್ಲಿ ಮುಂಬಯಿಗೆ ಬಂದಿಳಿದ ಅಮೆರಿಕನ್ ಮಿಶನರಿಗಳಿಗೆ ತಿರುಗಿ ಹೋಗಲು ಕಂಪನಿ ಸರ್ಕಾರ ಹುಕುಂ ಮಾಡಿತ್ತು. ಅವರು ಹಟ ಹಿಡಿದು ಉಳಿದರು. ಅದೇ ಅಮೆರಿಕನ್ ಮರಾಠಿ ಮಿಶನ್ 1860ರ ದಶಕದಲ್ಲಿ ಸೊಲ್ಲಾಪುರಕ್ಕೂ ಬಂತು.

ಮತ್ತೆ, ಕ್ರೈಸ್ತಳಾದಳು ಅಂದಮಾತ್ರಕ್ಕೆ ರಮಾಬಾಯಿ ಇಂಗ್ಲಿಷರವಳಾಗಲಿಲ್ಲ. ಇಂಗ್ಲೆಂಡಿನಲ್ಲಿ ಲ್ಯಾಟಿನ್ ಅಕ್ಷರ ಕೆತ್ತಿದ ಶಿಲುಬೆ ಹಾಕಿಕೋ ಅಂದಾಗ, ನನಗೆ ಲ್ಯಾಟಿನ್ ಯಾಕೆ, ಸಂಸ್ಕೃತ ಸಾಲದೇ ಎಂದು ವಾದ ಮಾಡಿದರು. ಮಾಂಸ ಮುಟ್ಟಲಿಲ್ಲ. ಚರ್ಚಿನ ಹಿರಿಯರು ಹೇಳಿದ್ದನ್ನೆಲ್ಲ ಒಪ್ಪಲಿಲ್ಲ. ಇತ್ತ ಪುಣೆಯವರಿಗೂ ಬೇಡ, ಅತ್ತ ಪಾದ್ರಿಗಳಿಗೂ ಪೂರ್ತಿ ಬೇಕಾಗಲಿಲ್ಲ.

ನಿಂದೆಯ ಪುಸ್ತಕ

ಎರಡನೆಯದು ನಿಂದೆ. ಹತ್ತೊಂಬತ್ತನೆಯ ಶತಮಾನದ ಮಿಶನರಿಗಳಲ್ಲಿ ಹಲವರು ಹಿಂದೂ ದೇವರುಗಳನ್ನು ಹೀಯಾಳಿಸಿ ಬರೆದ ಪುಸ್ತಕಗಳನ್ನು ಜಾತ್ರೆ, ಸಂತೆಗಳಲ್ಲಿ ಹಂಚಿದರು. ಮನೆದೇವರನ್ನು ಸೈತಾನ ಅಂದರೆ ಯಾರಿಗಾದರೂ ಸಿಟ್ಟು ಬರುವುದೇ. ಇದಕ್ಕೆ ಮರಾಠಿ ಸೀಮೆಯಲ್ಲಿ ಉತ್ತರ ಕೊಟ್ಟ ರೀತಿ ನೋಡಿ: 1857ರಲ್ಲಿ ವಿಷ್ಣುಬಾವಾ ಬ್ರಹ್ಮಚಾರಿ ಮುಂಬಯಿ ಸಮುದ್ರದಂಡೆಯಲ್ಲಿ ಮಿಶನರಿಗಳನ್ನು ಎದುರು ಕೂಡ್ರಿಸಿಕೊಂಡು ಬಹಿರಂಗ ವಾದ ಮಾಡಿದರು. ಮಾತಿಗೆ ಮಾತು, ಪುಸ್ತಕಕ್ಕೆ ಪುಸ್ತಕ.

2008ರ ಸೆಪ್ಟೆಂಬರಿನಲ್ಲಿ ಮಂಗಳೂರು ಮತ್ತು ಕರ್ನಾಟಕದ ಇತರ ಕಡೆ ಚರ್ಚು, ಪ್ರಾರ್ಥನಾ ಮಂದಿರಗಳ ಮೇಲೆ ದಾಳಿ ನಡೆದಾಗಲೂ ದೇವತೆಗಳನ್ನು ನಿಂದಿಸುವ ಒಂದು ಪುಸ್ತಕದ ಮಾತೇ ಮುಂದೆ ಬಂತು. ಆ ಪುಸ್ತಕದ ಆರೋಪ ಇದ್ದದ್ದು ಹೊಸ ಪಂಗಡವೊಂದರ ಮೇಲೆ. ಏಟು ಬಿದ್ದವರಲ್ಲಿ ಅದಕ್ಕೂ ತಮಗೂ ಸಂಬಂಧವೇ ಇಲ್ಲದ ಕೆಥೋಲಿಕ್ ಸನ್ಯಾಸಿನಿಯರೂ ಇದ್ದರು. ಬರೆದವರೊಬ್ಬರು, ಬಡಿಸಿಕೊಂಡವರೊಬ್ಬರು.

ನಮ್ಮ ಹಳ್ಳಿಗಳಲ್ಲೂ ಇದೇ ಗೊಂದಲ. ನೂರಾರು ವರ್ಷದ ಹಳೆಯ ಚರ್ಚು ಬೇರೆ, ಬಾಡಿಗೆ ಮನೆಯಲ್ಲಿ ವಾರಕ್ಕೊಮ್ಮೆ ಕೂಡಿ, ಪ್ರಾರ್ಥನೆಯಿಂದ ರೋಗ ವಾಸಿಯಾಗುತ್ತದೆ ಅನ್ನುವ ಗುಂಪು ಬೇರೆ. ಇವರಿಬ್ಬರಿಗೆ ಒಬ್ಬರನ್ನೊಬ್ಬರು ಕಂಡರೆ ಅಷ್ಟಕ್ಕಷ್ಟೇ. ಹೊರಗಿನವರ ಕಣ್ಣಿಗೆ ಮಾತ್ರ ಎಲ್ಲರೂ ಒಂದೇ. ಇಂಥ ಭಾವಾವೇಶದ ಪ್ರಾರ್ಥನೆಗೆ ಭಾರತದ ಮೊದಲ ತಾಣಗಳಲ್ಲಿ ಕೇಡಗಾಂವದ ಮುಕ್ತಿಯೂ ಒಂದು ಎಂಬುದು ಗಮನಿಸುವಂಥದ್ದು. ಅದು 1905ರ ಮಾತು.

ಮನೆ ಒಡೆಯುವ ಭಯ

ಮೂರನೆಯದು ಎಲ್ಲಕ್ಕಿಂತ ಆಳವಾದದ್ದು. ಮಗ, ಮಗಳು, ಗಂಡ ಕೈಬಿಟ್ಟು ಹೋದಾರು ಎಂಬ ಭಯ. ಮರಾಠಿಯಲ್ಲಿ ಮತಾಂತರವಾದವನಿಗೆ 'ಬಾಟಗಾ' ಅಂತಾರೆ, ಮೈಲಿಗೆಯಾದವನು ಅಂತ ಅರ್ಥ. ಅವನ ಜೊತೆ ಉಣ್ಣುವಂತಿಲ್ಲ, ಹೆಣ್ಣು ಕೊಡುವಂತಿಲ್ಲ.

1889ರಲ್ಲಿ ರಮಾಬಾಯಿ ವಿಧವೆಯರಿಗಾಗಿ ಮುಂಬಯಿಯಲ್ಲಿ ಶಾರದಾ ಸದನ ತೆರೆದರು. ಮುಂದಿನ ವರ್ಷ ಅದು ಪುಣೆಗೆ ಬಂತು. ಹಣ ಅಮೆರಿಕದ್ದು, ಆದರೆ ಧರ್ಮ ಬೋಧಿಸುವುದಿಲ್ಲ ಎಂಬ ಕರಾರು. ನ್ಯಾಯಮೂರ್ತಿ ರಾನಡೆ, ಡಾ. ಭಾಂಡಾರಕರ ಸಲಹೆಗಾರರು. ರಮಾಬಾಯಿ ತಮ್ಮ ಕೋಣೆಯಲ್ಲಿ ಪ್ರಾರ್ಥನೆ ಮಾಡುವಾಗ ಬಾಗಿಲು ಹಾಕುತ್ತಿರಲಿಲ್ಲ. ಕೆಲವು ಹುಡುಗಿಯರು ಬಂದು ಕೂಡ್ರತೊಡಗಿದರು. ಟಿಳಕರ 'ಕೇಸರಿ' ಕೆಂಡ ಕಾರಿತು. 1893ರಲ್ಲಿ ರಾನಡೆ, ಭಾಂಡಾರಕರ ಸಂಬಂಧ ಕಡಿದುಕೊಂಡರು. ಪಾಲಕರು ಹಲವು ಹುಡುಗಿಯರನ್ನು ಬಿಡಿಸಿಕೊಂಡು ಹೋದರು.

ಇಲ್ಲಿ ಯಾರದು ತಪ್ಪು? ನಂಬಿ ಮಗಳನ್ನು ಬಿಟ್ಟವರಿಗೆ, ಕರಾರು ಮುರಿಯಿತು ಅಂತ ಅನ್ನಿಸಿದ್ದು ಸುಳ್ಳಲ್ಲ. ನಾನೇನು ಕರೆದಿಲ್ಲ, ಬಂದವರನ್ನು ಹೊರಗೆ ಹಾಕುವುದಿಲ್ಲ ಎಂಬ ರಮಾಬಾಯಿ ಮಾತಿನಲ್ಲೂ ಹುರುಳಿತ್ತು. ಆದರೆ ತಲೆ ಬೋಳಿಸಿ ಮೂಲೆಯಲ್ಲಿ ಕೂಡ್ರಿಸುತ್ತಿದ್ದ ಆ ಕಾಲದ ಎಳೇ ವಿಧವೆಯರಿಗೆ ಸದನ ಬಿಟ್ಟರೆ ತಿರುಗಿ ಅದೇ ಮೂಲೆ. ಜಗಳವಾಡಿದ ದೊಡ್ಡವರ ಹೆಸರುಗಳೆಲ್ಲ ಪುಸ್ತಕದಲ್ಲಿವೆ. ಆ ಹುಡುಗಿಯರ ಹೆಸರು ಯಾರ ನೆನಪಿನಲ್ಲೂ ಇಲ್ಲ.

ಇದೇ ನೋವಿನ ಇನ್ನೊಂದು ಮುಖ ಲಕ್ಷ್ಮೀಬಾಯಿ ಟಿಳಕರದು. ಗಂಡ, ಕವಿ ನಾರಾಯಣ ವಾಮನ ಟಿಳಕ 1895ರಲ್ಲಿ ಕ್ರೈಸ್ತರಾದಾಗ ಆಕೆಗೆ ಆಕಾಶವೇ ಕಳಚಿ ಬಿದ್ದಿತ್ತು. ಗಂಡನಿಂದ ದೂರವಾಗಿ ಬಂಧುಗಳ ಜೊತೆ ನಮ್ಮ ಜಿಲ್ಲೆಯ ಪಂಢರಪುರದಲ್ಲೂ ದಿನ ಕಳೆದರು. ಕೆಲ ವರ್ಷಗಳ ಮೇಲೆ ಗಂಡನ ಬಳಿ ಹೋಗಿ, ಮಡಿ-ಮೈಲಿಗೆ ತಾವಾಗಿಯೇ ಬಿಟ್ಟು, ಮುಂದೆ 1900ರಲ್ಲಿ ದೀಕ್ಷಾಸ್ನಾನ ಪಡೆದರು. ಅವರ ಆತ್ಮಕಥೆ 'ಸ್ಮೃತಿಚಿತ್ರೆ' ಓದಿದವರಿಗೆ ಮತಾಂತರದ ಮನೆಯೊಳಗಿನ ಕಣ್ಣೀರೂ ನಗುವೂ ಎರಡೂ ಸಿಗುತ್ತವೆ. ನಾರಾಯಣ ಟಿಳಕರು ಯೇಸುವಿನ ಮೇಲೆ ವಾರಕರಿ ಧಾಟಿಯಲ್ಲೇ ಅಭಂಗ ಕಟ್ಟಿದರು. ಮರಾಠಿ ಚರ್ಚುಗಳಲ್ಲಿ ಇಂದಿಗೂ ಅವರ ಹಾಡು ಹಾಡುತ್ತಾರೆ.

ಜಾತಿಯ ಗಂಟು

ನಾಲ್ಕನೆಯದನ್ನು ಬಾಯಿಬಿಟ್ಟು ಹೇಳುವವರು ಕಡಿಮೆ. ಈ ಸೀಮೆಯಲ್ಲಿ ಕ್ರೈಸ್ತರಾದವರು ಹೆಚ್ಚಾಗಿ ಮಹಾರ, ಮಾಂಗ, ಮಾದಿಗ ಕೇರಿಯವರು. ಬರಗಾಲದಲ್ಲಿ ಅನ್ನ, ಆಮೇಲೆ ಶಾಲೆ, ದವಾಖಾನೆ ಸಿಕ್ಕಿತು. ಅನ್ನಕ್ಕಾಗಿ ಧರ್ಮ ಬಿಟ್ಟರು ಎಂಬ ಚುಚ್ಚುಮಾತು ಅಂದಿನದೇ. ಆದರೆ ಊರ ಬಾವಿಯ ನೀರು ಕೊಡದವರು ಈ ಮಾತು ಆಡುವಾಗ ತುಸು ಯೋಚಿಸಬೇಕು. ನಿನ್ನೆವರೆಗೆ ಬಿಟ್ಟಿ ದುಡಿಯುತ್ತಿದ್ದವನ ಮಗ ಅಕ್ಷರ ಕಲಿತು ಎದುರು ನಿಂತದ್ದು ಕೆಲವರ ಸಿಟ್ಟಿನ ನಿಜವಾದ ಬೇರು. ಯೇಸು ಅಲ್ಲಿ ನೆಪ. ಚರ್ಚಿನ ಒಳಗೂ ಜಾತಿ ಪೂರ್ತಿ ಹೋಗಲಿಲ್ಲ ಎಂಬುದೂ ಅಷ್ಟೇ ನಿಜ.

ಇದಕ್ಕೆ ಕಾನೂನಿನ ಗಂಟೊಂದು ಸೇರಿದೆ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿ ಸವಲತ್ತು ಮೊದಲು ಹಿಂದೂಗಳಿಗೆ ಮಾತ್ರ ಇತ್ತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ವಿಸ್ತರಿಸಿದರು. ಕ್ರೈಸ್ತನಾದ ದಲಿತನಿಗೆ ಇಲ್ಲ. ಹಾಗಾಗಿ ಕೆಲವರು ಪ್ರಾರ್ಥನೆಗೆ ಹೋದರೂ ದಾಖಲೆಯಲ್ಲಿ ಹಿಂದೂ ಅಂತಲೇ ಉಳಿಯುತ್ತಾರೆ. "ಎರಡೂ ಕಡೆ ಕೈ ಹಾಕ್ತಾರ" ಎಂಬ ಗೊಣಗಾಟ ಹುಟ್ಟುವುದು ಇಲ್ಲಿಂದಲೇ.

ಸುದ್ದಿಯ ಬೆಂಕಿ

ಈ ನಾಲ್ಕರ ಮೇಲೆ ಗಾಳಿಸುದ್ದಿ ಎಣ್ಣೆ ಸುರಿಯುತ್ತದೆ. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ, ಕುಷ್ಠರೋಗಿಗಳ ಸೇವೆ ಮಾಡುತ್ತಿದ್ದ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಎಳೆಯ ಗಂಡುಮಕ್ಕಳು ಜೀಪಿನಲ್ಲಿ ಮಲಗಿದ್ದಾಗಲೇ ಬೆಂಕಿ ಹಚ್ಚಿ ಸುಟ್ಟರು. ಹಿರಿಯ ಮಗನಿಗೆ 10 ವರ್ಷ, ಕಿರಿಯನಿಗೆ 6. ಮತಾಂತರದ ಮಾತು ಮುಂದಿಟ್ಟುಕೊಂಡು ಮಾಡಿದ ಕೊಲೆ ಇದು. ಆ ಕೂಸುಗಳು ಯಾರನ್ನು ಮತಾಂತರ ಮಾಡಿದ್ದವು?

ದೇಶವೇ ಕ್ರೈಸ್ತಮಯ ಆಗಲಿಕ್ಕತ್ತದ ಎಂಬ ಮಾತೂ ಉಂಟು. ಜನಗಣತಿ ನೋಡಿದರೆ 1951ರಲ್ಲಿ ಭಾರತದ ಕ್ರೈಸ್ತರು ನೂರಕ್ಕೆ 2.3. ಅರವತ್ತು ವರ್ಷದ ಮೇಲೆ 2011ರಲ್ಲೂ 2.3. ಮಹಾರಾಷ್ಟ್ರದಲ್ಲಿ ನೂರಕ್ಕೆ ಒಬ್ಬರೂ ಪೂರ್ತಿ ಇಲ್ಲ, ಕರ್ನಾಟಕದಲ್ಲಿ ಎರಡಕ್ಕಿಂತ ಕಡಿಮೆ. ದಾಖಲೆಗೆ ಬರದವರು ಕೆಲವರು ಇದ್ದಾರು ಅಂದರೂ, ಭಯ ಪಡುವಷ್ಟು ದೊಡ್ಡ ಲೆಕ್ಕ ಇದಲ್ಲ.

ಕಾನೂನು ಎರಡೂ ಕಡೆಗೆ ಗೆರೆ ಎಳೆದಿದೆ. ಸಂವಿಧಾನದ 25ನೇ ಕಲಂ ಪ್ರತಿಯೊಬ್ಬರಿಗೂ ತನ್ನ ಧರ್ಮವನ್ನು ನಂಬುವ, ನಡೆಸುವ, ಪ್ರಚಾರ ಮಾಡುವ ಹಕ್ಕು ಕೊಟ್ಟಿದೆ. 1977ರಲ್ಲಿ ಸುಪ್ರೀಂ ಕೋರ್ಟು, ಪ್ರಚಾರ ಅಂದರೆ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲ ಎಂದು ಹೇಳಿತು. ಬಲವಂತ, ಆಮಿಷ ಕಂಡರೆ ದೂರು ಕೊಡಲು ಪೊಲೀಸ್ ಠಾಣೆ ಇದೆ. ಪ್ರಾರ್ಥನೆಗೆ ಕೂಡಿದವರ ಮೇಲೆ ಕೈ ಮಾಡಲು ಯಾವ ಕಾನೂನೂ ಬಿಟ್ಟಿಲ್ಲ.

ನಮ್ಮ ಮನೆಯ ಲೆಕ್ಕ

ಗಡಿಭಾಗದ ಕನ್ನಡ ಮನೆಗಳಲ್ಲಿ ಈ ಋಣದ ಲೆಕ್ಕವೂ ಇದೆ. ಜತ್ತ ಕಡೆಯವರು ಕಾಯಿಲೆ ಬಿದ್ದರೆ ಮೊದಲು ನೆನೆಯುವ ಊರು ಮಿರಜ. ಅಲ್ಲಿ ಡಾ. ವಾನ್ಲೆಸ್ 1894ರಲ್ಲಿ ದವಾಖಾನೆ ತೆರೆದದ್ದು ಮಿಶನ್ ಕೆಲಸವಾಗಿಯೇ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಹೊರಟದ್ದು ಹರ್ಮನ್ ಮೋಗ್ಲಿಂಗ್ ಎಂಬ ಪಾದ್ರಿಯ ಕೈಯಿಂದ. 1894ರ ಕಿಟ್ಟೆಲ್ ನಿಘಂಟು ಇಲ್ಲದೆ ಕನ್ನಡ ಪಂಡಿತರ ಕಪಾಟು ಪೂರ್ತಿಯಾಗುವುದಿಲ್ಲ. ಇವರೆಲ್ಲ ಬಂದದ್ದು ಧರ್ಮ ಹರಡಲಿಕ್ಕೆ ಎಂಬುದನ್ನು ಮುಚ್ಚಿಡಬೇಕಿಲ್ಲ. ಕೊಟ್ಟದ್ದನ್ನು ಮರೆಯಬೇಕೆಂದೂ ಇಲ್ಲ.

1896-97 ಹಾಗೂ 1900ರ ಬರದಲ್ಲಿ ರಮಾಬಾಯಿ ಹಾದಿಬೀದಿಯಲ್ಲಿ ಬಿದ್ದ ಹುಡುಗಿಯರನ್ನು ಚಕ್ಕಡಿ, ರೈಲುಗಳಲ್ಲಿ ಕೇಡಗಾಂವಕ್ಕೆ ತಂದರು. ಮುಕ್ತಿಯಲ್ಲಿ ಸುಮಾರು 2 ಸಾವಿರ ಜೀವ ಉಂಡು ಬದುಕಿದವು. ನೇಕಾರಿಕೆ, ಮುದ್ರಣ, ಒಕ್ಕಲುತನ ಕಲಿತವು. ಆಗ ಅವರು ಹಳೆಯ ಕರಾರಿನ ರಮಾಬಾಯಿ ಅಲ್ಲ, ಮುಕ್ತಿ ಬಹಿರಂಗವಾಗಿಯೇ ಕ್ರೈಸ್ತ ಸಂಸ್ಥೆ. 1912ರಲ್ಲಿ ಆಗಿನ ನಿಜಾಮ ಸೀಮೆಯ ಕಲಬುರ್ಗಿಯಲ್ಲೂ ಶಾಲೆ ತೆರೆದು ಮಗಳು ಮನೋರಮಾಬಾಯಿ ಕೈಗೆ ಕೊಟ್ಟರು. 1922ರಲ್ಲಿ ರಮಾಬಾಯಿ ತೀರಿಕೊಂಡರು. 1989ರಲ್ಲಿ ಭಾರತ ಸರ್ಕಾರ ಅವರ ಅಂಚೆಚೀಟಿ ತಂದಿತು.

ಇನ್ನು ಮುಂದೆ ಊರಲ್ಲಿ "ಅವರು ಹಂಗ, ಹಿಂಗ" ಎಂಬ ಸುದ್ದಿ ಬಂದಾಗ ನಾಲ್ಕು ಮಾತು ಕೇಳಿಕೊಂಡರೆ ಸಾಕು. ಬೈದವರು ಯಾರು, ಅವರೇ ಇವರೇನು? ಬಲವಂತ ಆಗಿದ್ದರೆ ಆದವರ ಬಾಯಿಂದ ಕೇಳಿದ್ದೇವೇನು? ಸಿಟ್ಟು ದೇವರ ಸಲುವಾಗಿಯೋ, ಕೇರಿಯ ಹುಡುಗ ಎದ್ದು ನಿಂತ ಸಲುವಾಗಿಯೋ? ಮತ್ತು ಕೊನೆಯದು, ಎರಡು ಗುಂಪು ಯಾರ ಸಲುವಾಗಿ ಜಗಳಾಡುತ್ತಿವೆಯೋ ಆ ಹೆಣ್ಣುಮಗಳಿಗೆ, ಆ ಬಡವನಿಗೆ ಏನು ಬೇಕು ಅಂತ ಯಾರಾದರೂ ಕೇಳಿದ್ದಾರೇನು? ಪುಣೆಯಲ್ಲಿ 1893ರಲ್ಲಿ ಕೇಳಬೇಕಾಗಿದ್ದ ಪ್ರಶ್ನೆಯೂ ಇದೇ.