ಮಲೇರಿಯಾದ ಜಾಡು ಹಿಡಿದ ಮೊಬೈಲ್ ಟವರ್

ಸೊಳ್ಳೆ ಹಾರುವುದು ಸಾಮಾನ್ಯವಾಗಿ ಕೆಲವೇ ಕಿಲೋಮೀಟರ್. ಆದರೂ ಮಲೇರಿಯಾ ನೂರಾರು ಕಿಲೋಮೀಟರ್ ದಾಟುತ್ತದೆ. ಹೇಗೆ? ನಮ್ಮ ಜೊತೆಯಲ್ಲೇ, ಬಸ್ಸು ಹತ್ತಿ!

ಈ ಪಯಣದ ನಕ್ಷೆ ಬರೆಯಲು ಕೆನ್ಯಾದಲ್ಲಿ ನೆರವಾದದ್ದು ಮೊಬೈಲ್ ಫೋನು. 2008ರ ಜೂನ್‌ನಿಂದ ಒಂದು ವರ್ಷ ಕಾಲ ಸುಮಾರು 1.5 ಕೋಟಿ ಚಂದಾದಾರರ ಕರೆ ಮತ್ತು ಎಸ್ಸೆಮ್ಮೆಸ್ ದಾಖಲೆಗಳನ್ನು, ಹೆಸರು-ಗುರುತು ತೆಗೆದುಹಾಕಿ, ಸಂಶೋಧಕರಾದ ಆಮಿ ವೆಸೊಲೊವ್ಸ್ಕಿ, ಕ್ಯಾರೊಲಿನ್ ಬಕೀ ಮತ್ತು ಸಂಗಡಿಗರು ಜಾಲಾಡಿದರು. ಯಾರು ಏನು ಮಾತಾಡಿದರು ಎಂಬುದು ಅವರಿಗೆ ಬೇಕಿರಲಿಲ್ಲ. ಕರೆ ಹಾದುಹೋದದ್ದು ಯಾವ ಟವರ್ ಮೂಲಕ ಎಂದು ತಿಳಿದರೆ ಸಾಕಿತ್ತು. ನಿನ್ನೆ ವಿಕ್ಟೋರಿಯಾ ಸರೋವರದ ದಡದ ಕಿಸುಮುವಿನ ಟವರ್, ಇವತ್ತು ರಾಜಧಾನಿ ನೈರೋಬಿಯದು ಎಂದಾದರೆ ಆ ವ್ಯಕ್ತಿ ಊರು ಬದಲಿಸಿದ್ದಾನೆ ಎಂದರ್ಥ. ಹೀಗೆ 11,920 ಟವರ್‌ಗಳು ಕೊಟ್ಟ ಸುಳಿವನ್ನು ಮಲೇರಿಯಾ ಹರಡಿಕೆಯ ನಕ್ಷೆಯೊಂದಿಗೆ ಜೋಡಿಸಿ, ಜನರೊಂದಿಗೆ ರೋಗಾಣು ಎಲ್ಲಿಂದ ಎಲ್ಲಿಗೆ ಸಾಗೀತು ಎಂದು ಗಣಿತದ ಮಾದರಿಯಲ್ಲಿ ಲೆಕ್ಕ ಹಾಕಿದರು.

2012ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶ ಸ್ವಾರಸ್ಯಕರ. ಸಮುದ್ರಮಟ್ಟದಿಂದ ಸುಮಾರು 1,700 ಮೀಟರ್ ಎತ್ತರದ ತಂಪು ನೈರೋಬಿಯಲ್ಲಿ ಮಲೇರಿಯಾ ಹುಟ್ಟಿಕೊಳ್ಳುವುದು ಕಡಿಮೆ. ವಿಕ್ಟೋರಿಯಾ ಸರೋವರದ ಸೀಮೆಗೆ ಹೋಗಿಬರುವ ನಗರವಾಸಿಗಳೇ ಅದನ್ನು ಹೊತ್ತು ತರುತ್ತಾರೆ. ಅಂದಮೇಲೆ ರಾಜಧಾನಿಯ ಚರಂಡಿಗಳಿಗೆ ಔಷಧ ಹೊಡೆದರಷ್ಟೇ ಸಾಲದು, ಸರೋವರದ ದಡದಲ್ಲೇ ರೋಗವನ್ನು ಹತ್ತಿಕ್ಕಬೇಕು.

ಈ ವಿಧಾನಕ್ಕೆ ಒಂದು ಕೊರತೆಯೂ ಇದೆ. ಆಫ್ರಿಕಾದಲ್ಲಿ ಮಲೇರಿಯಾಕ್ಕೆ ಹೆಚ್ಚು ಬಲಿಯಾಗುವವರು ಐದು ವರ್ಷದೊಳಗಿನ ಮಕ್ಕಳು. ಅವರ ಕೈಯಲ್ಲಿ ಫೋನೆಲ್ಲಿರುತ್ತದೆ?